ಏಳು ಗಂಟೆಯ ಹೊಗೆ

ಪೊಕಟೆಲೊ, ಐಡಹೊ
ಜೂನ್ 9, 1986

ಪ್ರಿಯ ಆರ್ಡಿತ್,

ಈ ಪತ್ರ ನಿನ್ನ ಕೈಗೆ ಇಪ್ಪತ್ತನೇ ತಾರೀಖು ಶುಕ್ರವಾರ ಸೇರುತ್ತದೆ. ಡೆಲ್ಬರ್ಟ್ ತನ್ನ ಹೇಸರಗತ್ತೆಗಳ ಮೇಲೆ ಅಂಚೆ, ಸಾಮಾನು ಹೇರಿಕೊಂಡು ಎರಡು ವಾರಕ್ಕೊಮ್ಮೆ ನಿನ್ನ ಬೆಟ್ಟ ಹತ್ತುವ ದಿನಗಳನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಮೂವತ್ತೊಂದು ವರ್ಷ ರೈಲಿನ ವೇಳಾಪಟ್ಟಿ ಬರೆದ ಕೈ ಇದು. ನಿವೃತ್ತಿಯಾದರೂ ತುರಿಕೆ ಹೋಗಿಲ್ಲ. ನೋರೀನ್ ಅಂತೂ, "ನನ್ನ ಸ್ನಾನಕ್ಕೂ ಒಂದು ಟೈಮು ಬರೆದು ಅಂಟಿಸಿಬಿಡಿ ಕಣ್ರೀ" ಎಂದು ದಿನಾ ರೇಗಿಸುತ್ತಾಳೆ.

ವಿಷಯಕ್ಕೆ ಬರುತ್ತೇನೆ. ಆಗಸ್ಟಿನಲ್ಲಿ ಎಲ್ಲರೂ ಸೇರಿ ಡೇರೆ ಹೊಡೆಯಲು ಹೊರಟಿದ್ದೇವೆ. ನಾನು, ನೋರೀನ್, ನಮ್ಮ ಮೂವರು ಹೆಣ್ಣುಮಕ್ಕಳು, ಮೂವರು ಅಳಿಯಂದಿರು, ನಾಲ್ಕು ಮೊಮ್ಮಕ್ಕಳು, ಜೊತೆಗೆ ಅಮ್ಮ. ಹೌದು, ಎಂಬತ್ತೈದರ ಅಮ್ಮ. ಡಾಕ್ಟರು ಬೇಡ ಎಂದರು. "ಆ ಡಾಕ್ಟ್ರು ನೆಲದ ಮೇಲೆ ಮಲಗಿ ಎಷ್ಟು ವರ್ಷ ಆಯ್ತು ಕೇಳು" ಎಂದಳು ಅಮ್ಮ. ಮಾತು ಅಲ್ಲಿಗೆ ಮುಗಿಯಿತು.

ಜಾಗ ಸಿಸ್ಟರ್ ಕೆರೆ. ಬೇಕೆಂದೇ ನಿನ್ನ ಬೆಟ್ಟದ ಬುಡಕ್ಕೆ ಹತ್ತಿರ ಹುಡುಕಿದ್ದೇನೆ. ನೀನು ಎರಡು ದಿನ ಇಳಿದು ಬಾ. ಕಾಡ್ಗಿಚ್ಚು ಕಾಯಲು ನೀನು ಆ ಗೋಪುರ ಹತ್ತಿದ ಮೇಲೆ ಒಂದು ಬೇಸಗೆಯಾದರೂ ನಮ್ಮ ಡೇರೆಯಲ್ಲಿ ಕೂತು ಉಂಡಿದ್ದೀಯಾ? ಹದಿನೆಂಟು ವರ್ಷದಿಂದ ಅಮ್ಮ ನಿನ್ನ ಹೆಸರು ಗೀಚಿದ ತಗಡಿನ ತಟ್ಟೆಯನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗುತ್ತಾಳೆ, ಒಣ ತಟ್ಟೆಯನ್ನೇ ವಾಪಸು ತರುತ್ತಾಳೆ. ಈ ಸಲ ಒದ್ದೆಯಾಗಲಿ.

ಲೈಲ್

*

ಕೆಟಲ್‌ಬ್ಯಾಕ್ ಬೆಟ್ಟ
ಜೂನ್ 20, 1986

ಪ್ರಿಯ ಲೈಲ್,

ನಿನ್ನ ಪತ್ರ ಶುಕ್ರವಾರವೇ ಬಂತು. ಹೆಮ್ಮೆಪಟ್ಟುಕೋ. ಡೆಲ್ಬರ್ಟ್ ಕೆಳಗೆ ಹೇಸರಗತ್ತೆಗಳ ಬೆನ್ನಿನಿಂದ ನೀರಿನ ಡಬ್ಬಿ ಇಳಿಸುತ್ತಿದ್ದಾನೆ. ಅವನು ಮೂರನೇ ಕಾಫಿ ಕುಡಿಯುವಷ್ಟರಲ್ಲಿ ಇದನ್ನು ಬರೆದು ಮುಗಿಸಬೇಕು.

ಬರಲಾರೆ, ಅಣ್ಣ. ಪ್ರತಿವರ್ಷದ ಬರಲಾರೆ ಅಲ್ಲ ಇದು, ಬೇರೆ. ಇಲ್ಲಿ ಹೊಸ ಅರಣ್ಯ ವಲಯಾಧಿಕಾರಿ ಬಂದಿದ್ದಾನೆ, ಗ್ರಿಂಡಲ್ ಅಂತ. ಇಸ್ತ್ರಿ ಮಾಡಿದ ಮನುಷ್ಯ. ಮೇ ತಿಂಗಳಲ್ಲಿ ನನ್ನ ಕಡತ ತಿರುವಿ ಹಾಕಿ, "ವಯಸ್ಸು ಅರವತ್ತೊಂದು, ಎಡಗಣ್ಣಿನ ಪೊರೆ ತೆಗ್ಸಿದಾರೆ, ಬಲಗಣ್ಣಲ್ಲಿ ಶುರು ಆಗಿದೆ. ಹೌದಾ?" ಎಂದ. ಹೌದು ಎಂದೆ. "ವಿಮಾನ ಒಂದು ಗಂಟೇಲಿ ನೋಡೋ ಕಾಡನ್ನ ನೀವು ಬೇಸಗೆ ಪೂರ್ತಿ ಕೂತು ನೋಡ್ತೀರಿ. ಈ ಗೋಪುರ ಯಾಕಿರಬೇಕು ಹೇಳಿ" ಎಂದ. ವಿಮಾನಕ್ಕೆ ಸಂಜೆ ಮನೆಗೆ ಹೋಗುವ ಆಸೆ ಇರುತ್ತದೆ, ನನಗಿಲ್ಲ ಎಂದೆ. ನಗಲಿಲ್ಲ.

ಕೊನೆಗೆ ಮಾತು ಇಲ್ಲಿಗೆ ನಿಂತಿತು. ಈ ಒಂದು ಬೇಸಗೆ ನೋಡುತ್ತಾನೆ. ಹೊಗೆ ಕಂಡು ಹೇಳುವುದರಲ್ಲಿ ನಾನು ವಿಮಾನಕ್ಕಿಂತ ಹಿಂದೆ ಬಿದ್ದರೆ, ಸೆಪ್ಟೆಂಬರಿನಲ್ಲಿ ಕಿಟಕಿಗಳಿಗೆ ಹಲಗೆ ಬಡಿದು ಗೋಪುರವನ್ನು ಶಾಶ್ವತವಾಗಿ ಮುಚ್ಚುತ್ತಾರೆ. ನನಗೆ ಇದೊಂದೇ ಕೆಲಸ ಬರುವುದು, ಲೈಲ್. ಚಳಿಗಾಲದ ಏಳು ತಿಂಗಳು ನಾನು ಕೆಳಗಿನ ಊರಿನಲ್ಲಿ ಗ್ರಂಥಾಲಯದ ಪುಸ್ತಕಕ್ಕೆ ಮುದ್ರೆ ಒತ್ತುತ್ತಾ ಬದುಕಿರುವುದು ಜೂನ್ ಬರುತ್ತದೆಂಬ ಒಂದೇ ನಂಬಿಕೆಯ ಮೇಲೆ.

ಅಮ್ಮನಿಗೆ ಇದನ್ನೆಲ್ಲ ಹೇಳಬೇಡ. ತಟ್ಟೆಯನ್ನು ಮಾತ್ರ ಹಾಕಿಕೊಂಡು ಹೋಗಲಿ. ಅದು ಪೆಟ್ಟಿಗೆಯಲ್ಲಿದೆ ಎಂದು ನೆನೆಸಿಕೊಂಡರೆ ಇಲ್ಲಿ ನನಗೆ ಹಸಿವಾಗುತ್ತದೆ.

ಆರ್ಡಿತ್

*

ಪೊಕಟೆಲೊ
ಜುಲೈ 8, 1986

ಪ್ರಿಯ ಆರ್ಡಿತ್,

ನಿನ್ನ ಗ್ರಿಂಡಲ್‌ನ ವಿಷಯ ಅರ್ಥವಾಯಿತು. ಆದರೆ ಎರಡು ದಿನ ಇಳಿದು ಬಂದರೆ ಕಾಡೇನು ಓಡಿಹೋಗುವುದಿಲ್ಲ. ರಜೆ ಕೇಳು. ಬಾಯಿದ್ದ ಮಕ್ಕಳು ಬದುಕಿದವು.

ಇಲ್ಲಿ ಸಿದ್ಧತೆ ಭರದಿಂದ ನಡೆದಿದೆ. ಆಗಸ್ಟ್ 13ರಿಂದ 20ರವರೆಗೆ. ಮೂರು ಡೇರೆಗಳನ್ನು ಅಂಗಳದಲ್ಲಿ ಎತ್ತಿ ನೋಡಿದೆವು. ದೊಡ್ಡ ಅಳಿಯ ತನ್ನದನ್ನು ಒಳಗು ಹೊರಗು ಅದಲುಬದಲು ಮಾಡಿ ಹೊಡೆದು, ತಾನೇ ಒಳಗೆ ಸಿಕ್ಕಿಕೊಂಡು ಕೂಗಿಕೊಂಡ. ಅಡಿಗೆಗೆ ಸರದಿ ಬರೆದಿದ್ದೇನೆ, ಪಾತ್ರೆ ತೊಳೆಯಲು ಸರದಿ, ಕರಡಿಗೆ ಸಿಗದಂತೆ ಊಟದ ಚೀಲವನ್ನು ಮರಕ್ಕೆ ಏರಿಸಲು ಸರದಿ. ಒಟ್ಟು ನಾಲ್ಕು ಹಾಳೆ. ಎರಡನೇ ಮಗಳು ಓದಿ, "ಅಪ್ಪ, ಇದು ರಜಾನಾ, ಗೂಡ್ಸ್ ಗಾಡೀನಾ?" ಎಂದಳು.

ಅಮ್ಮ ನಿನ್ನೆಯೇ ಲೆಫ್ಸೆ ರೊಟ್ಟಿಗೆ ಆಲೂಗಡ್ಡೆ ಆರಿಸಲು ಕೂತಳು. ಇನ್ನೂ ಐದು ವಾರವಿದೆ ಎಂದರೆ, "ಆರ್ಡಿತ್ ಬಂದ್ರೆ ಹತ್ತು ತಿಂತಾಳೆ, ನಿಂಗೇನು ಗೊತ್ತು" ಎನ್ನುತ್ತಾಳೆ. ನೀನು ಬರುವುದಿಲ್ಲ ಎಂದು ನಾನಿನ್ನೂ ಹೇಳಿಲ್ಲ. ನೀನೇ ಹೇಳು. ಇಲ್ಲವೇ ಬಾ.

ಲೈಲ್

*

ಕೆಟಲ್‌ಬ್ಯಾಕ್
ಜುಲೈ 18, 1986

ಲೈಲ್,

ನನ್ನನ್ನು ನಂಬಿಕೊಂಡು ಏನನ್ನೂ ಏರ್ಪಾಡು ಮಾಡಬೇಡ. ಸಿಸ್ಟರ್ ಕೆರೆಗೇ ಬರಬೇಕೆಂದೇನೂ ಇಲ್ಲ. ಈ ವರ್ಷ ಸಮುದ್ರದ ಕಡೆ ಹೋಗಿ, ಮಕ್ಕಳಿಗೆ ಖುಷಿಯಾಗುತ್ತದೆ. ನನಗೆ ಕೆಲಸವಿದೆ.

ಇಲ್ಲಿ ಎಲ್ಲ ಸರಿಯಾಗಿದೆ.

ಆರ್ಡಿತ್

*

ಪೊಕಟೆಲೊ
ಜುಲೈ 25, 1986

ಆರ್ಡಿತ್,

ನಿನ್ನ ಆರು ಸಾಲಿನ ಪತ್ರ ಓದಿದೆ. ರೈಲ್ವೆಯಲ್ಲಿ ತಂತಿ ಕಳಿಸುವಾಗಲೂ ನಾವು ಇದಕ್ಕಿಂತ ಉದ್ದ ಬರೆಯುತ್ತಿದ್ದೆವು.

ನಿನಗೆ ನಾವು ಹತ್ತಿರ ಬರುವುದೇ ಬೇಡವಾಗಿದ್ದರೆ ನೇರವಾಗಿ ಹೇಳಬಹುದಿತ್ತು. ಅಮ್ಮ ಆರಿಸಿಟ್ಟ ಆಲೂಗಡ್ಡೆಯನ್ನು ನೋರೀನ್ ಸಾರಿಗೆ ಹಾಕಿದಳು. ಅಮ್ಮನ ಮಂಡಿಯೂ ಸರಿಯಿಲ್ಲ. ಶಿಬಿರ ರದ್ದು ಮಾಡಿದ್ದೇನೆ. ಎಲ್ಲರಿಗೂ ಹೇಳಿಯಾಯಿತು.

ಲೈಲ್

*

ಕೆಟಲ್‌ಬ್ಯಾಕ್
ಆಗಸ್ಟ್ 1, 1986

ಲೈಲ್,

ಒಳ್ಳೆಯದು ಮಾಡಿದೆ. ಅಮ್ಮನ ಮಂಡಿಗೆ ಬಿಸಿ ಉಪ್ಪಿನ ಶಾಖ ಕೊಡಿ. ಮೊಮ್ಮಕ್ಕಳಿಗೆ ನನ್ನ ಕಡೆಯಿಂದ ಕ್ಷಮೆ ಕೇಳು.

ಹಕಲ್‌ಬೆರಿ ಹಣ್ಣು ಈ ಸಲ ಬೇಗ ಬಂದಿದೆ. ಗೋಪುರದ ಬುಡದಲ್ಲೇ ಬುಟ್ಟಿಗಟ್ಟಲೆ. ತಿನ್ನಲು ನಾನೊಬ್ಬಳೇ, ಮತ್ತೊಂದು ಕರಡಿ.

ಆರ್ಡಿತ್

*

ಪೊಕಟೆಲೊ
ಆಗಸ್ಟ್ 7, 1986

ಪ್ರಿಯ ಆರ್ಡಿತ್,

ಶಿಬಿರ ಮತ್ತೆ ಹೊರಟಿತು! ಕಾರಣ ಅಮ್ಮ.

ನಿನ್ನ ಆ ಎರಡು ಪತ್ರಗಳನ್ನು ನಾನು ಮೇಜಿನ ಮೇಲೆ ಬಿಟ್ಟಿದ್ದೆ. ಅಮ್ಮ ಕನ್ನಡಕ ಏರಿಸಿಕೊಂಡು ಎರಡನ್ನೂ ಎರಡು ಸಲ ಓದಿದಳು. "ಲೈಲ್, ನೀನು ಅರವತ್ತಮೂರು ವರ್ಷದ ಕತ್ತೆ" ಎಂದಳು. "ಇವಳಿಗೆ ಕೋಪ ಬಂದಿಲ್ಲ, ಏನೋ ಪೆಟ್ಟು ತಿಂದಿದಾಳೆ. ಸಣ್ಣೋಳಿದ್ದಾಗ ಬೇಲಿಯಿಂದ ಬಿದ್ದು ಕೈ ಮುರ್ಕೊಂಡಾಗ್ಲೂ ಇವಳು 'ಎಲ್ಲ ಸರಿಯಾಗಿದೆ' ಅಂತಾನೇ ಅಂದಿದ್ದು. ಹಣ್ಣು ತಿನ್ನೋಕೆ ನಾನೊಬ್ಳೇ ಅಂತ ಬರೆದಿದಾಳಲ್ಲ, ನಿಂಗೆ ಕಣ್ಣಿಲ್ವಾ? ಅವಳು ಇಳಿದು ಬರೋಕಾಗ್ದಿದ್ರೆ ನಾವು ಅವಳ ಕಣ್ಣಿಗೆ ಬೀಳೋ ಕಡೆ ಹೋಗಿ ಕೂರೋಣ."

ನಾನು ನಿನ್ನನ್ನು ತಪ್ಪು ತಿಳಿದೆ. ಆ ಸಾರು ನನ್ನ ಗಂಟಲಲ್ಲಿ ಇಳಿದಿರಲಿಲ್ಲ, ಆರ್ಡಿತ್.

ಈಗ ಯೋಜನೆ ಕೇಳು. ಸಿಸ್ಟರ್ ಕೆರೆ ಗುಡ್ಡದ ಮರೆಯಲ್ಲಿದೆ, ನಿನಗೆ ಕಾಣುವುದಿಲ್ಲ. ನಕ್ಷೆ ಹರಡಿ ನೋಡಿದೆ. ಫ್ರೈಪ್ಯಾನ್ ಕೆರೆ ನಿನ್ನ ಕಿಟಕಿಗೆ ನೇರ, ಹಕ್ಕಿ ಹಾರುವಂತೆ ಐದೇ ಮೈಲಿ. ರಸ್ತೆಯಿಂದ ಎರಡು ಮೈಲಿ ಸಪಾಟಾದ ಕಾಲುದಾರಿ. "ನಾಲ್ಕು ಸಲ ಕೂತ್ಕೊಂಡು ಹೋದ್ರೆ ಆಯ್ತು" ಎನ್ನುತ್ತಾಳೆ ಅಮ್ಮ. ಬೆಂಕಿ ಹಚ್ಚುವ ಅನುಮತಿ ಚೀಟಿಯಲ್ಲಿ ಸಿಸ್ಟರ್ ಕೆರೆ ಎಂದೇ ಇದೆ. ಬದಲಾಯಿಸಲು ಕಚೇರಿಗೆ ಹೋಗಬೇಕು, ಅದು ಮೂವತ್ತು ಮೈಲಿ ಸುತ್ತು. ಕೆರೆ ಎಂದರೆ ಕೆರೆ. ನಿನಗೆ ಹೇಳಿದರೆ ಕಚೇರಿಗೆ ಹೇಳಿದಂತೆಯೇ ಅಲ್ಲವೇ?

ಈ ಪತ್ರ ಇಂದೇ ಅಂಚೆಗೆ. ಹದಿನೈದನೇ ತಾರೀಖು ಶುಕ್ರವಾರ ಡೆಲ್ಬರ್ಟ್ ನಿನಗೆ ತಂದು ಕೊಡುತ್ತಾನೆ. ಮರುದಿನ, ಶನಿವಾರ, ಬೆಳಿಗ್ಗೆ ಸರಿಯಾಗಿ ಏಳು ಗಂಟೆಗೆ ನಾನು ನಮ್ಮ ಬೆಂಕಿಗೆ ಫರ್ ಮರದ ಹಸಿ ಟೊಂಗೆ ಹಾಕುತ್ತೇನೆ. ದಪ್ಪಗೆ ಬಿಳಿ ಹೊಗೆ ಏಳುತ್ತದೆ. ಅದೇ ನಮ್ಮ ನಮಸ್ಕಾರ. ಮಂಜು ಸ್ವಲ್ಪ ಕರಗಿದ ಮೇಲೆ ಅಮ್ಮ ಕನ್ನಡಿ ಮಿಂಚಿಸುತ್ತಾಳೆ. ಆಲೂಗಡ್ಡೆ ಹೊಲದಲ್ಲಿ ನಾವಿದ್ದಾಗ ಅಡಿಗೆಮನೆಯ ಮೆಟ್ಟಿಲಿನಿಂದ ಮಿಂಚಿಸುತ್ತಿದ್ದಳಲ್ಲ, ಅದೇ ಕನ್ನಡಿ, ಅದೇ ಲೆಕ್ಕ. ಮೂರು ಮಿಂಚು ಎಂದರೆ ಊಟ ಸಿದ್ಧ, ಬನ್ನಿ. ಹೊಲದಿಂದ ನಾವು ಎರಡು ಮಿಂಚಿಸಿದರೆ, ಹೊರಟೆವು ಎಂದು. ನಿನ್ನ ಬಳಿ ಕಚೇರಿಯವರು ಕೊಟ್ಟ ಕನ್ನಡಿ ಇದೆಯಲ್ಲ. ಬರಲಾಗದಿದ್ದರೂ ಪರವಾಗಿಲ್ಲ, ಎರಡು ಸಲ ಮಿಂಚಿಸಿಬಿಡು. ಅಮ್ಮ ಅಷ್ಟಕ್ಕೇ ಬರುತ್ತಿದ್ದಾಳೆ.

ಲೈಲ್

*

ಕೆಟಲ್‌ಬ್ಯಾಕ್
ಆಗಸ್ಟ್ 16, 1986, ಶನಿವಾರ, ಬೆಳಿಗ್ಗೆ ಹತ್ತು

ಪ್ರಿಯ ಲೈಲ್,

ಸಿಕ್ಕಿತು! ಸಿಕ್ಕಿತು! ಸಿಕ್ಕಿತು!

ಯಾರಿಗಾದರೂ ಹೇಳದಿದ್ದರೆ ಎದೆ ಒಡೆದು ಹೋಗುತ್ತದೆ. ಡೆಲ್ಬರ್ಟ್ ನಿನ್ನೆ ಬರಲಿಲ್ಲ. ಅವನ ಮುಂದಾಳು ಹೇಸರಗತ್ತೆಯ ಲಾಳ ಕಿತ್ತುಹೋಗಿ ನಡುದಾರಿಯಲ್ಲಿ ನಿಂತಿದ್ದಾನೆಂದು ರೇಡಿಯೊದಲ್ಲಿ ಕೇಳಿದೆ. ಅವನು ಬಂದಾಗ ಇದನ್ನು ಕಳಿಸುತ್ತೇನೆ. ನೀನು ನನ್ನ ಮೇಲೆ ಮುನಿಸಿಕೊಂಡಿದ್ದರೂ ಓದು.

ಮೂರು ದಿನದಿಂದ ಪಶ್ಚಿಮದ ಯಾವುದೋ ದೊಡ್ಡ ಬೆಂಕಿಯ ಮಬ್ಬು ಇಲ್ಲಿಗೆ ಬಂದು ಕೂತಿದೆ. ಕಣಿವೆಯೆಲ್ಲ ಹಾಲಿನಲ್ಲಿ ಅದ್ದಿದ ಹಾಗೆ. ವಿಮಾನ ಮೇಲೇಳುವಂತಿಲ್ಲ. ಇಂದು ಬೆಳಿಗ್ಗೆ ಏಳು ಗಂಟೆಗೆ ನೈರುತ್ಯದ ಕಿಟಕಿಯಲ್ಲಿ ನಿಂತಿದ್ದೆ. ಬಿಳಿ ಮಬ್ಬಿನೊಳಗೆ ಬಿಳಿಯದೇ ಇನ್ನೊಂದು ಏನೋ ಅಲ್ಲಾಡಿತು. ದಿಟ್ಟಿಸಿ ನೋಡಿದರೆ ಇಲ್ಲ, ಕಣ್ಣು ಪಕ್ಕಕ್ಕೆ ಸರಿಸಿದರೆ ಇದೆ. ಪೊರೆ ತೆಗೆಸಿದ ಎಡಗಣ್ಣಿಗೇ ಮೊದಲು ಕಂಡದ್ದು! ಕೋಣೆಯ ನಡುವಿನ ದುಂಡು ನಕ್ಷೆಯ ಮೇಲೆ ಗುರಿಕಡ್ಡಿ ತಿರುಗಿಸಿ ದಿಕ್ಕು ಹಿಡಿದೆ. ಏಳು ಗಂಟೆ ನಾಲ್ಕು ನಿಮಿಷಕ್ಕೆ ರೇಡಿಯೊದಲ್ಲಿ ಹೇಳಿದೆ: ಹೊಗೆ, ಫ್ರೈಪ್ಯಾನ್ ಕೆರೆಯ ಉತ್ತರ ದಂಡೆ, ಹಸಿ ಫರ್.

ಗ್ರಿಂಡಲ್ ತಾನೇ ರೇಡಿಯೊಗೆ ಬಂದ. "ಖಚಿತಾನಾ? ಬೆಂಕಿ ಅನುಮತಿ ಪಟ್ಟೀಲಿ ಫ್ರೈಪ್ಯಾನ್‌ಗೆ ಯಾರೂ ಇಲ್ಲ."

"ಪಟ್ಟೀಲಿ ಇಲ್ದೇ ಇರಬಹುದು ಸ್ವಾಮಿ. ದಂಡೇಲಿ ಇದಾರೆ."

"ಬಾಲ್ಡ್ ಹಿಲ್ ಗೋಪುರದ ಹುಡುಗನಿಗೆ ಏನೂ ಕಾಣಿಸ್ತಿಲ್ವಂತೆ."

"ಅವನಿಗೆ ಇಪ್ಪತ್ತಾರು ವರ್ಷ. ಕಣ್ಣು ಹೊಸದು, ನೋಡೋಕೆ ಇನ್ನೂ ಬರಲ್ಲ."

ಈ ಸಾಲು ಇಡೀ ವಲಯದ ರೇಡಿಯೊದಲ್ಲಿ ಕೇಳಿಸಿದೆ. ನಾಲ್ಕು ಜನರ ತಂಡ ಸಲಿಕೆ, ನೀರಿನ ಪಂಪು ಹೊತ್ತು ಹೊರಟಿದೆ. ಹಸಿ ಟೊಂಗೆ ಬೆಂಕಿಗೆ ಒಟ್ಟುವ ಆ ಮೂರ್ಖ ಶಿಖಾಮಣಿ ಯಾರೋ, ಯಾವ ತಾಯಿ ಹೆತ್ತಳೋ, ದೇವರು ಅವನಿಗೆ ನೂರು ವರ್ಷ ಆಯುಸ್ಸು ಕೊಡಲಿ. ಮೊದಲು ಒಂದು ಒಳ್ಳೆಯ ಬೈಗುಳ ಕೊಡಲಿ, ಆಮೇಲೆ ಆಯುಸ್ಸು. ಇಂಥ ಕತ್ತೆ ನಮ್ಮ ಮನೆಯಲ್ಲಿದ್ದಿದ್ದರೆ ಅಮ್ಮ ಕಿವಿ ಹಿಡಿದು ಕೆರೆಗೆ ಅದ್ದುತ್ತಿದ್ದಳು.

ಈಗ ಒಂದು ಮಾತು ಹೇಳಬೇಕು. ಗೆದ್ದ ದಿನವೇ ಹೇಳಲು ಬಾಯಿ ಬರುವುದು. ಜುಲೈ ಹದಿನೈದರಂದು ನಾನು ಒಂದು ಹೊಗೆ ತಪ್ಪಿಸಿಕೊಂಡೆ. ಮಧ್ಯಾಹ್ನದ ಬಿಸಿಲು, ಆ ಕಡೆಗೇ ನೋಡುತ್ತಿದ್ದೆ, ಆದರೂ ಕಾಣಲಿಲ್ಲ. ವಿಮಾನ ನೋಡಿ ಹೇಳಿತು. ಗ್ರಿಂಡಲ್, "ಇನ್ನೊಂದು ಸಲ ಹೀಗಾದ್ರೆ ಸೆಪ್ಟೆಂಬರ್‌ವರೆಗೂ ಕಾಯಲ್ಲ" ಎಂದ. ಮೂರು ದಿನದ ಮೇಲೆ ನಿನ್ನ ಪತ್ರ ಬಂತು, ಆಲೂಗಡ್ಡೆ, ಲೆಫ್ಸೆ, ನಾಲ್ಕು ಹಾಳೆಯ ಸರದಿ. ಓದುತ್ತಾ ಅತ್ತೆ. ನೀವು ಅಲ್ಲಿ ಕೆಳಗೆ ಬಂದು ಕೂತರೆ ನನ್ನ ಮನಸ್ಸು ಕಾಡಿನ ಮೇಲಿರುವುದಿಲ್ಲ, ನಿಮ್ಮ ಮೇಲಿರುತ್ತದೆ ಎಂದು ಹೆದರಿ ಹಾಗೆ ಬರೆದೆ. ನೀನು ರದ್ದು ಮಾಡಿದೆ ಎಂದಾಗ ಸಮಾಧಾನವೂ ಆಯಿತು, ಸಂಕಟವೂ ಆಯಿತು.

ಇನ್ನೊಂದು ವಿಚಿತ್ರ. ಒಂಬತ್ತು ಗಂಟೆಗೆ ಮಬ್ಬು ತುಸು ತೆಳುವಾದಾಗ ಅದೇ ದಂಡೆಯಿಂದ ಏನೋ ಮಿಂಚಿತು. ಮೂರು ಸಲ. ಬಿಟ್ಟು ಮತ್ತೆ ಮೂರು ಸಲ. ಕೈ ಕಪಾಟಿನ ಕನ್ನಡಿಯ ಮೇಲೆ ಹೋಗಿತ್ತು. ಆಮೇಲೆ ನನಗೇ ನಗು ಬಂತು. ಅಮ್ಮ ಪೊಕಟೆಲೊದಲ್ಲಿ ಮಂಡಿಗೆ ಶಾಖ ಕೊಟ್ಟುಕೊಳ್ಳುತ್ತಿದ್ದಾಳೆ. ಆ ಮೂರ್ಖನ ಬಾಣಲೆಯೋ ಏನೋ ಬಿಸಿಲಿಗೆ ಹೊಳೆದಿರಬೇಕು.

ನಿನ್ನ ಆರ್ಡಿತ್

*

ಫ್ರೈಪ್ಯಾನ್ ಕೆರೆ
ಆಗಸ್ಟ್ 16, ಸಂಜೆ ಐದು

ಆರ್ಡಿತ್,

ಅಡಿಗೆಯ ಸರದಿ ಹಾಳೆಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಡೆಲ್ಬರ್ಟ್ ಇಲ್ಲೇ ಕೆರೆಯ ಹತ್ತಿರ ಹೇಸರಗತ್ತೆಗೆ ಲಾಳ ಹೊಡೆಸಿಕೊಂಡು ತಂಗಿದ್ದಾನೆ, ನಾಳೆ ನಿನಗೆ ಕೊಡುತ್ತಾನೆ. ನನ್ನನ್ನು ಕ್ಷಮಿಸುತ್ತೀಯೋ ಇಲ್ಲವೋ ಗೊತ್ತಿಲ್ಲ. ಪೂರ್ತಿ ಓದು.

ಏಳಕ್ಕೆ ಸರಿಯಾಗಿ ಟೊಂಗೆ ಹಾಕಿದೆ. ಹೊಗೆ ಚೆನ್ನಾಗಿಯೇ ಎದ್ದಿತು. ಒಂಬತ್ತಕ್ಕೆ ಅಮ್ಮ ಕನ್ನಡಿ ಹಿಡಿದಳು. ಉತ್ತರವಿಲ್ಲ. ಒಂದು ಗಂಟೆ ಹೊತ್ತು ಬಂಡೆಯ ಮೇಲೆ ಕೂತು ಮಿಂಚಿಸಿದಳು. ತೋಳು ಸೋತರೂ ನೋರೀನ್‌ಗೆ ಕೊಡಲಿಲ್ಲ. ನಿನ್ನ ಮೇಲೆ ನನಗೆ ಎಂಥ ಸಿಟ್ಟು ಬಂದಿತ್ತು ಎಂದರೆ ಹೇಳಬಾರದು.

ಹತ್ತೂವರೆಗೆ ನಾಲ್ವರು ಗಟ್ಟಿ ಆಳುಗಳು ಸಲಿಕೆ ಹಿಡಿದು ಮರಗಳಿಂದ ಹೊರಗೆ ಬಂದರು. ಒಬ್ಬ ನನ್ನ ಬೆಂಕಿಗೆ, ಅದರ ಮೇಲಿದ್ದ ಕಾಫಿ ಪಾತ್ರೆಯ ಸಮೇತ, ನೀರು ಹೊಡೆದ. ಆಮೇಲೆ ಅಮ್ಮ ಅವರನ್ನು ಕೂರಿಸಿ ಲೆಫ್ಸೆ ಕೊಟ್ಟಳು ಅನ್ನು. ಮಧ್ಯಾಹ್ನ ನಿನ್ನ ಗ್ರಿಂಡಲ್ ಬಂದ. ಇಸ್ತ್ರಿ ನಿಜ.

"ಯಾರ್ರೀ ಹಸಿ ಟೊಂಗೆ ಹಾಕಿದ್ದು?" ಎಂದ. ಮನೆಯವರೆಲ್ಲರ ಮುಂದೆ, ಮೊಮ್ಮಕ್ಕಳ ಮುಂದೆ. ನನಗೆ ಅವಮಾನವಾಯಿತು. ಎದೆ ಉಬ್ಬಿಸಿ, "ನಾನು. ತಪ್ಪೇನಿದೆ? ಮೇಲೆ ಗೋಪುರದಲ್ಲಿರೋದು ನನ್ನ ತಂಗಿ. ಏಳು ಗಂಟೆಗೆ ಹೊಗೆ ಏಳುತ್ತೆ ಅಂತ ಅವಳಿಗೆ ಪತ್ರ ಬರೆದೇ ಬಂದಿದೀನಿ. ಅವಳಿಗೆಲ್ಲ ಗೊತ್ತು" ಎಂದೆ.

ಅವನ ಮುಖ ಬದಲಾಯಿತು. "ಓಹೋ" ಎಂದ. "ಬೆಳಿಗ್ಗೆಯಿಂದ ಆ ನಾಲ್ಕು ನಿಮಿಷಕ್ಕೆ ನಾನು ಟೋಪಿ ತೆಗೀತಾ ಇದ್ದೆ. ಹಾಗಾದ್ರೆ ಅಣ್ಣ ತಂಗಿ ಸೇರಿ ಆಡಿದ ನಾಟಕ. ನಾಳೆ ನಾನೇ ಮೇಲೆ ಹೋಗಿ ಕಿಟಕಿಗೆ ಹಲಗೆ ಬಡಿಸ್ತೀನಿ."

ಆಗ ನನಗೆ ತಿಳಿಯಿತು ನಾನೇನು ಮಾಡಿದೆ ಎಂದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಅಮ್ಮ ಬಂಡೆಯ ಮೇಲಿಂದಲೇ, "ಏ, ಇಲ್ಲಿ ಬಾರಪ್ಪ" ಎಂದು ಅವನನ್ನು ಕರೆದಳು. ಅವನು ಹೋದ.

"ನನ್ನ ಮಗಳಿಗೆ ನಾವು ಇಲ್ಲಿರೋದು ಗೊತ್ತಿದ್ದಿದ್ರೆ ಈ ಕನ್ನಡಿಗೆ ಉತ್ತರ ಕೊಡ್ತಿದ್ಲು" ಎಂದಳು. "ಒಂದು ಗಂಟೆ ಮಿಂಚಿಸಿದೀನಿ. ಕೊಡ್ಲಿಲ್ಲ. ಆ ಪತ್ರ ಅವಳಿಗೆ ಸೇರಿಲ್ಲ. ಪತ್ರ ಎಲ್ಲಿದೆ ಅಂತ ಹುಡುಕು, ಆಮೇಲೆ ಹಲಗೆ ಹೊಡಿ."

ನಾಳೆ ಡೆಲ್ಬರ್ಟ್ ಜೊತೆಗೇ ಗ್ರಿಂಡಲ್ ಕೂಡ ಹತ್ತುತ್ತಾನೆ. ಡೆಲ್ಬರ್ಟ್‌ನ ಅಂಚೆ ಚೀಲಕ್ಕೆ ಈಗಲೇ ಬೀಗ ಹಾಕಿಸಿ, ಬೀಗದಕೈ ತನ್ನ ಜೇಬಿಗೆ ಹಾಕಿಕೊಂಡಿದ್ದಾನೆ. ಈ ಪತ್ರ ಡೆಲ್ಬರ್ಟ್‌ನ ಅಂಗಿಯೊಳಗೆ ಬರುತ್ತಿದೆ.

ನಿನ್ನ ಹತ್ತೊಂಬತ್ತು ಬೇಸಗೆಯನ್ನು ನಾನು ಒಂದು ಮಾತಿನಲ್ಲಿ ಸುಟ್ಟೆನೇನೋ.

ಲೈಲ್

*

ಕೆಟಲ್‌ಬ್ಯಾಕ್
ಆಗಸ್ಟ್ 17, 1986, ಭಾನುವಾರ

ಪ್ರಿಯ ಮೂರ್ಖ ಶಿಖಾಮಣಿ,

ಮೊದಲು ನೀರು ಕುಡಿ. ಅಮ್ಮನನ್ನು ಪಕ್ಕಕ್ಕೆ ಕೂರಿಸಿಕೋ. ಇದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದು.

ಹನ್ನೊಂದು ಗಂಟೆಗೆ ಅವರಿಬ್ಬರೂ ಹತ್ತಿ ಬಂದರು. ಡೆಲ್ಬರ್ಟ್ ನನ್ನ ಕಣ್ಣು ನೋಡದೆ ಚೀಲ ಇಳಿಸಿದ. ಗ್ರಿಂಡಲ್ ಮೆಟ್ಟಿಲ ಮೇಲೆ ನಿಂತೇ, "ನಿಮ್ಮ ಅಣ್ಣ ಬರೆದ ಪತ್ರ ಎಲ್ಲಿ?" ಎಂದ.

"ಯಾವ ಪತ್ರ? ಅವನು ನನ್ನ ಮೇಲೆ ಮುನಿಸ್ಕೊಂಡು ಪೊಕಟೆಲೊದಲ್ಲಿ ಕೂತಿದಾನೆ" ಎಂದೆ.

ಅವನು ಚೀಲದ ಬೀಗ ತೆಗೆದ. ನಿನ್ನ ಪತ್ರ ಬೀಜದ ಅಂಗಡಿಯ ಕ್ಯಾಟಲಾಗಿನ ಕೆಳಗಿತ್ತು. ಆಗಸ್ಟ್ ಏಳರ ಮುದ್ರೆ, ಅಂಟು ಬಿಚ್ಚಿಲ್ಲ. ನನ್ನ ಕೈಗೆ ಕೊಟ್ಟು, ಇಲ್ಲೇ ಓದಿ ಎಂದ. ಗಟ್ಟಿಯಾಗಿ ಓದಿದೆ. ಹಸಿ ಟೊಂಗೆಯ ಸಾಲನ್ನು ಎರಡು ಸಲ ಓದಿದೆ. ಕನ್ನಡಿಯ ಜಾಗಕ್ಕೆ ಬಂದಾಗ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಮ್ಮ ಒಂದು ಗಂಟೆ ಕರೆದಿದ್ದಾಳೆ, ಲೈಲ್, ಮತ್ತು ನಾನು ಅವಳನ್ನು ಬಾಣಲೆ ಅಂದುಕೊಂಡಿದ್ದೆ.

ಗ್ರಿಂಡಲ್ ಆದರೂ ಗ್ರಿಂಡಲ್. "ಬೇರೆ ದಾರೀಲಿ ಸುದ್ದಿ ಬಂದಿರಬಹುದಲ್ಲ" ಎಂದ. ಆಗ ನೆನಪಾಯಿತು. ನಿನ್ನೆ ನಿನಗೆ ಬರೆದು ಅಂಟಿಸಿ ಇಟ್ಟಿದ್ದ ಪತ್ರ ಮೇಜಿನ ಮೇಲಿತ್ತು, ಪೊಕಟೆಲೊ ವಿಳಾಸಕ್ಕೆ. "ಇದನ್ನೂ ಓದಿಬಿಡಿ" ಎಂದೆ. ಹರಿದು ಓದಿದ. ನನ್ನ ಜುಲೈ ಹದಿನೈದೂ ಅದರಲ್ಲಿತ್ತು, ನಾನು ಅತ್ತದ್ದೂ ಇತ್ತು. ಓದಲಿ ಎಂದು ಬಿಟ್ಟೆ. ಮೂರ್ಖ ಶಿಖಾಮಣಿಯ ಜಾಗಕ್ಕೆ ಬಂದಾಗ ಅವನ ಭುಜ ಅಲ್ಲಾಡತೊಡಗಿತು. ಕತ್ತೆಯನ್ನು ಅಮ್ಮ ಕೆರೆಗೆ ಅದ್ದುವ ಜಾಗಕ್ಕೆ ಬಂದಾಗ ಟೋಪಿ ಮುಖಕ್ಕೆ ಒತ್ತಿಕೊಂಡು ನಕ್ಕ. ಡೆಲ್ಬರ್ಟ್ ಕೆಳಗಿನಿಂದ, "ಏನಾಯ್ತು? ಸತ್ನಾ?" ಎಂದು ಕೂಗಿದ.

ಆಮೇಲೆ ದಾಖಲೆ ಪುಸ್ತಕ ತೆಗೆಸಿ, ತನ್ನ ಕೈಯಾರೆ ಬರೆದ. ಹಾಗೆಯೇ ಇಳಿಸುತ್ತೇನೆ: "ಆಗಸ್ಟ್ 16. ವಿಮಾನ ಹಾರಲಾಗದ ಮಬ್ಬು. ಬೇರಾವ ಗೋಪುರಕ್ಕೂ ಕಾಣದ ಹೊಗೆಯನ್ನು ಕೆಟಲ್‌ಬ್ಯಾಕ್ ನಾಲ್ಕು ನಿಮಿಷದಲ್ಲಿ, ದಂಡೆಯ ಸಮೇತ, ಮರದ ಜಾತಿಯ ಸಮೇತ ಹೇಳಿದೆ. ಈ ಗೋಪುರ ಮುಂದುವರಿಯಬೇಕು." ಕೆಳಗೆ ಸಹಿ. ಮುಂದಿನ ಬೇಸಗೆ ನನ್ನದು, ಲೈಲ್! ಅದರ ಮುಂದಿನದೂ! ಬಲಗಣ್ಣನ್ನು ಚಳಿಗಾಲದಲ್ಲಿ ಸರಿಮಾಡಿಸಿಕೊಳ್ಳಬೇಕು ಎಂದು ಷರತ್ತು ಹಾಕಿದ. ಎರಡೂ ಕಣ್ಣು ಹೊಸದಾದರೆ ನಿಮ್ಮ ವಿಮಾನ ಮಾರಿಬಿಡಿ ಎಂದೆ.

ಹೊರಡುವಾಗ ನಿಂತು ಕೇಳಿದ, "ನಿಯಮದ ಪ್ರಕಾರ ನಿಮಗೆ ಬೇಸಗೆಗೆ ಎರಡು ದಿನ ರಜಾ ಇದೆ. ಹತ್ತೊಂಬತ್ತು ವರ್ಷದಿಂದ ಒಂದೂ ತಗೊಂಡಿಲ್ಲ. ಯಾಕೆ?"

"ನನ್ನ ಕುರ್ಚೀಲಿ ಯಾರು ಕೂರ್ತಾರೆ?"

"ನಾನು ಕೂರ್ತೀನಿ."

ಮಂಗಳವಾರ ಮಧ್ಯಾಹ್ನದಿಂದ ಬುಧವಾರ ಮಧ್ಯಾಹ್ನದವರೆಗೆ. ಅವನು ಮೆಟ್ಟಿಲಿಳಿದ ಮೇಲೆ ಡೆಲ್ಬರ್ಟ್ ಅಂಗಿಯೊಳಗಿಂದ ನಿನ್ನ ಇನ್ನೊಂದು ಪತ್ರ ತೆಗೆದುಕೊಟ್ಟ. ಹನ್ನೆರಡು ಗಂಟೆಗೆ ಕೆರೆಯ ಮೇಲೆ ಬಿಸಿಲು ನೇರ ಬೀಳುತ್ತದೆ. ಅಮ್ಮನಿಗೆ ಹೇಳು, ಇನ್ನೊಂದು ಸಲ ಕರೆಯಲಿ. ಹಸಿ ಟೊಂಗೆ ಮುಟ್ಟಿದರೆ ಕೈ ಮುರಿಯುತ್ತೇನೆ.

ಆರ್ಡಿತ್

*

ಪೊಕಟೆಲೊ
ಆಗಸ್ಟ್ 25, 1986

ಪ್ರಿಯ ಆರ್ಡಿತ್,

ನೀನು ಬಂದೆ, ಉಂಡೆ, ಹನ್ನೆರಡು ಲೆಫ್ಸೆ ತಿಂದೆ (ನಾನು ಬರೆದಿಟ್ಟಿದ್ದೇನೆ), ನನ್ನ ಸರದಿ ಹಾಳೆಯಿಂದ ಒಲೆ ಹೊತ್ತಿಸಿದೆ. ಅದನ್ನೆಲ್ಲ ಮತ್ತೆ ಹೇಳುವುದು ಬೇಡ. ನಿನ್ನ ಕುರ್ಚಿಯಲ್ಲಿ ಕೂತ ಗ್ರಿಂಡಲ್ ಬುಧವಾರ ಬೆಳಿಗ್ಗೆ ಫ್ರೈಪ್ಯಾನ್ ಕೆರೆಯ ಮಂಜನ್ನೇ ಹೊಗೆ ಎಂದು ವರದಿ ಮಾಡಿದ್ದು ಪೊಕಟೆಲೊವರೆಗೂ ತಲುಪಿದೆ. ನೋರೀನ್ ಈಗಲೂ ನೆನೆಸಿಕೊಂಡು ನಗುತ್ತಾಳೆ.

ಮುಂದಿನ ವರ್ಷದ ಏರ್ಪಾಡು ಇದು: ಆಗಸ್ಟ್ 12ರಿಂದ, ಫ್ರೈಪ್ಯಾನ್ ಕೆರೆ, ಉತ್ತರ ದಂಡೆ, ಹದಿನಾಲ್ಕು ಜನ. ಅನುಮತಿ ಚೀಟಿಯನ್ನು ಕಚೇರಿಗೆ ನಾನೇ ಖುದ್ದಾಗಿ ಹೋಗಿ ಬರೆಸಿಕೊಂಡು ಬಂದೆ. ಮೂವತ್ತು ಮೈಲಿ ಸುತ್ತಾದರೂ ಸರಿ. ಅಲ್ಲಿಯ ಗುಮಾಸ್ತೆ ನನ್ನ ಹೆಸರು ಓದಿ, "ಓ, ಹೊಗೆಯವರಾ!" ಎಂದಳು. ಮಾಡಿದ್ದುಣ್ಣೋ ಮಹಾರಾಯ.

ಆದರೆ ಒಂದು ಸಂಗತಿ ನಿನಗೆ ಗೊತ್ತಿಲ್ಲ. ನೀನು ಆಗ ಮೇಲಿದ್ದೆ, ನಾವು ಕೆಳಗಿದ್ದೆವು. ಅದನ್ನು ಹೇಳಲಿಕ್ಕೇ ಈ ಪತ್ರ.

ಮಂಗಳವಾರ ಹನ್ನೊಂದೂವರೆಗೇ ಅಮ್ಮ ಬಂಡೆ ಹತ್ತಿ ಕೂತಳು. ಕನ್ನಡಿಯನ್ನು ಲಂಗದ ಅಂಚಿನಿಂದ ಒರೆಸಿ ಒರೆಸಿ ಇಟ್ಟುಕೊಂಡಿದ್ದಳು. ನಾನು ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತೆ. ಉಳಿದವರೆಲ್ಲ ಕೆಲಸ ಬಿಟ್ಟು ಹಿಂದೆ ಬಂದು ನಿಂತರು. ಹನ್ನೆರಡಕ್ಕೆ ಸರಿಯಾಗಿ, "ಹೂಂ" ಎಂದೆ. ಅಮ್ಮ ಮೂರು ಸಲ ಮಿಂಚಿಸಿದಳು.

ಬೆಟ್ಟ ಸುಮ್ಮನಿತ್ತು. ಅಮ್ಮ ಕನ್ನಡಿ ಇಳಿಸಲಿಲ್ಲ. ನನ್ನ ಗಡಿಯಾರದ ಪ್ರಕಾರ ಒಂಬತ್ತು ಸೆಕೆಂಡು. ನನ್ನ ಜೀವಮಾನದಲ್ಲಿ ಯಾವ ರೈಲಿಗೂ ನಾನು ಅಷ್ಟು ಹೊತ್ತು ಕಾದಿಲ್ಲ, ಆರ್ಡಿತ್.

ಆಮೇಲೆ ಮೇಲಿಂದ ಬಂತು. ಒಂದು. ಎರಡು.

ಮಕ್ಕಳು ಕಿರುಚಿದರು, ಅಳಿಯಂದಿರು ಟೋಪಿ ಎಸೆದರು, ನೋರೀನ್ ನನ್ನ ತೋಳು ಹಿಡಿದು ಅತ್ತಳು. ನಾನೂ ಅತ್ತೆ, ಬರೆದುಕೋ. ಅಮ್ಮ ಒಬ್ಬಳೇ ಗಲಾಟೆ ಮಾಡಲಿಲ್ಲ. ಕನ್ನಡಿಯನ್ನು ಒರೆಸಿ ಜೇಬಿಗಿಟ್ಟಳು. ಪೆಟ್ಟಿಗೆ ತೆಗೆದು, ಅಡಿಯಲ್ಲಿದ್ದ ನಿನ್ನ ಹೆಸರಿನ ತಗಡಿನ ತಟ್ಟೆಯನ್ನು ಹುಡುಕಿ ನನ್ನ ಕೈಗೆ ಕೊಟ್ಟಳು.

"ಹೊರಟ್ಲು" ಎಂದಳು. "ತೊಳ್ಕೊಂಡು ಬಾ."

ಲೈಲ್